ಓಟ ಊರಿನಲ್ಲೇ ಇರಬೇಕೇ, ಊರು ದಾಟಬೇಕೇ?

ಕಾರಹುಣ್ಣಿಮೆ ಬಂತೆಂದರೆ ಸಿಂದಗಿ, ಇಂಡಿ ಸೀಮೆಯ ರೈತರು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಅಗಸಿಯತ್ತ ಓಡಿಸುತ್ತಾರೆ. ಇದೇ ಕರಿ ಹರಿಯುವುದು. ಬಿಳಿ ಎತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಬೆಳೆ ಹುಲುಸು ಎಂಬುದು ಹಿರಿಯರ ನಂಬಿಕೆ. ಗೆದ್ದ ಎತ್ತು ಯಾರ ಮನೆಯದೆಂದು ಊರಿಗೆಲ್ಲ ಗೊತ್ತು.

ಇಂಥ ಓಟ ಬೆಳೆಯಬೇಕೇ, ಇದ್ದಷ್ಟೇ ಇರಬೇಕೇ? ಕರಾವಳಿಯ ಕಂಬಳವನ್ನು ನೋಡಿದರೆ ಎರಡೂ ಮುಖಗಳು ಕಾಣುತ್ತವೆ. ಕೆಸರುಗದ್ದೆಯ ಆಚರಣೆಯಾಗಿದ್ದ ಕೋಣಗಳ ಓಟ ಕಾಲಕ್ರಮೇಣ ಜೋಡುಕರೆ, ಹೊನಲು ಬೆಳಕು, ಬಹುಮಾನಗಳ ಪಂದ್ಯವಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ನಿಷೇಧಿಸಿದ ಮೇಲೆ ಕಂಬಳಕ್ಕೂ ಕುತ್ತು ಬಂತು. ಆದರೆ ಅದರ ಬೆನ್ನಿಗೆ ಸಂಘಟನೆಯಿತ್ತು, ಜನಬಲವಿತ್ತು. 2017ರಲ್ಲಿ ರಾಜ್ಯವು ಕಾಯ್ದೆಗೆ ತಿದ್ದುಪಡಿ ತಂದಾಗ ಕಂಬಳದ ಜೊತೆಗೆ ಎತ್ತುಗಳ ಓಟವೂ ಉಳಿಯಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಅದೇ ನವೆಂಬರಿನಲ್ಲಿ ಕಂಬಳ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಕೋಣಗಳು ಲಾರಿಯೇರಿ ಘಟ್ಟ ಹತ್ತಿದವು. ಗದ್ದೆಯಿಲ್ಲದ ನಗರದಲ್ಲಿ ಕರೆಯನ್ನೇ ನಿರ್ಮಿಸಬೇಕಾಯಿತು. ಜನಸಾಗರ ಸೇರಿತು, ನಿಜ. ಆದರೆ ಅವರಲ್ಲಿ ಕೋಣದ ಹೆಸರು ಬಲ್ಲವರೆಷ್ಟು?

ಕಾನೂನಿನ ಮುಂದೆ ನಿಲ್ಲಲು ಹತ್ತೂರಿನ ಒಗ್ಗಟ್ಟು ಬೇಕು. ಓಟಕ್ಕೆ ಮಾತ್ರ ಊರ ಅಗಸಿಯೇ ಸಾಕು. ಆದರೆ ಟ್ರ್ಯಾಕ್ಟರ್ ಬಂದ ಮೇಲೆ ಹಳ್ಳಿಗಳಲ್ಲಿ ಎತ್ತು ಸಾಕುವ ಮನೆಗಳು ಕಡಿಮೆಯಾಗುತ್ತಿವೆ. ಕೊಟ್ಟಿಗೆ ಬರಿದಾದರೆ ಓಟ ಚಿಕ್ಕದಿರಲಿ ದೊಡ್ಡದಿರಲಿ, ಓಡುವುದಾದರೂ ಯಾವುದು?