ಪೈಪು ಬೇಡ, ಬ್ರಷ್ ಸಾಕು

ಪುಣೆಯ ದಕ್ಷಿಣದ ಕೊಂಢವಾದಲ್ಲಿ ಒಂದಲ್ಲ ಒಂದು ಕಡೆ ಕಟ್ಟಡ ಏಳುತ್ತಲೇ ಇರುತ್ತದೆ. ಆ ಧೂಳು, ಕಾತ್ರಜ್ ರಸ್ತೆಯ ಲಾರಿಗಳು ಎಬ್ಬಿಸುವ ಧೂಳು ಎರಡೂ ಕಾರಿನ ಮೇಲೆ ಕೂರುತ್ತವೆ. ಹೊರಮೈಯನ್ನು ಬೆಳಗ್ಗೆ ಯಾರಾದರೂ ಒರೆಸುತ್ತಾರೆ. ಬಾನೆಟ್ ಒಳಗಿನದನ್ನು ಕೇಳುವವರಿಲ್ಲ. ಅಲ್ಲಿ ಅದು ಆಯಿಲ್ ಪಸೆಗೆ ಅಂಟಿ ಕರಿಯ ಮೇಣದಂತೆ ಗಟ್ಟಿಯಾಗುತ್ತದೆ.

ಇದನ್ನು ತೆಗೆದರೆ ಸಿಗುವ ದೊಡ್ಡ ಲಾಭವೆಂದರೆ ಸೋರಿಕೆ ಕಣ್ಣಿಗೆ ಬೀಳುವುದು. ವಾಲ್ವ್ ಕವರಿನ ಗ್ಯಾಸ್ಕೆಟ್ ಜಿನುಗುತ್ತಿದ್ದರೂ, ಹೋಸ್ ತುದಿಯಲ್ಲಿ ಕೂಲಂಟ್ ತೊಟ್ಟಿಕ್ಕುತ್ತಿದ್ದರೂ ಚೊಕ್ಕಟ ಲೋಹದ ಮೇಲೆ ಬೇಗ ಗೊತ್ತಾಗುತ್ತದೆ.

ಹಿಂದೆ ಗ್ಯಾರೇಜುಗಳಲ್ಲಿ ಸೀಮೆಎಣ್ಣೆ ಎರಚಿ, ಜೋರು ಪೈಪು ಹಿಡಿಯುವುದಿತ್ತು. ಕಾರ್ಬ್ಯುರೇಟರ್ ಗಾಡಿಗಳು ಹೇಗೋ ತಡೆದುಕೊಂಡವು. ಈಗ ಇಂಜಿನ್ ಸುತ್ತ ಸೆನ್ಸರು, ಕನೆಕ್ಟರು, ಇಸಿಯು ಎಂಬ ಕಂಪ್ಯೂಟರು ತುಂಬಿವೆ. ನೀರು ಸೀಲು ದಾಟಿ ಸ್ಪಾರ್ಕ್ ಪ್ಲಗ್ ಗುಂಡಿಯಲ್ಲಿ ನಿಂತರೆ ಇಂಜಿನ್ ಮಿಸ್ ಹೊಡೆಯುತ್ತದೆ. ಸೀಮೆಎಣ್ಣೆಯಂತೂ ಬೆಂಕಿಯ ಅಪಾಯ, ರಬ್ಬರಿಗೂ ಕೇಡು. ಟ್ಯಾಂಕರ್ ನೀರು ತರಿಸುವ ಸೊಸೈಟಿಯಲ್ಲಿ ಪೈಪು ಹಿಡಿಯುವುದೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಧ ಬಕೆಟ್ ಸಾಕು.

ರಾತ್ರಿಯಿಡೀ ನಿಂತು ತಣಿದ ಗಾಡಿಗೆ ಬೆಳಗ್ಗೆ ಕೈ ಹಚ್ಚಿ. ಬ್ಯಾಟರಿಯ ಮೈನಸ್ ತಂತಿ ಮೊದಲು ಬಿಚ್ಚಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ವೈಪರ್ ಕೆಳಗಿನ ಜಾಲರಿಯನ್ನು ಬೆರಳಿನಿಂದ ಕೆದಕಿ ನೋಡಿ: ಕೊಳೆತ ಎಲೆಗಳ ಕಪ್ಪು ಮುದ್ದೆ ಸಿಕ್ಕರೆ, ಮಳೆನೀರು ಹೊರಹೋಗುವ ತೂತು ಮುಚ್ಚಿದೆ ಎಂದರ್ಥ. ಹಾಗೇ ಬಿಟ್ಟರೆ ಆ ನೀರು ಕಾರಿನೊಳಗೆ ಇಳಿಯುತ್ತದೆ. ಇಲಿ ಹಿಕ್ಕೆ ಕಂಡರೆ ಗ್ಲೌಸು, ಮಾಸ್ಕು ಹಾಕಿ, ಸೋಂಕುನಾಶಕದಿಂದ ಒದ್ದೆ ಮಾಡಿಯೇ ಒರೆಸಿ. ಒಣಗಿದ್ದನ್ನು ಗುಡಿಸಿ ಧೂಳೆಬ್ಬಿಸಬೇಡಿ. ತಂತಿ ಕಡಿದಿದೆಯೇ ಎಂದೂ ನೋಡಿ.

ಜಿಡ್ಡು ಕರಗಿಸುವ ಡಿಗ್ರೀಸರನ್ನು ಭಾಗಗಳಿಗೆ ನೇರ ಸಿಂಪಡಿಸದೆ ಬ್ರಷ್‌ಗೆ ಹಚ್ಚಿ ತಿಕ್ಕಿ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ. ಇಕ್ಕಟ್ಟಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸರಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ, ಅದರಲ್ಲಿ ಹೈವೋಲ್ಟೇಜ್ ಇರುತ್ತದೆ. ಹೊಳಪಿನ ಸ್ಪ್ರೇ ಬೆಲ್ಟಿಗೆ ತಾಗಿದರೆ ಬೆಲ್ಟ್ ಜಾರುತ್ತದೆ. ಎಲ್ಲ ಒಣಗಿದ ಮೇಲೆ ಪ್ಲಾಸ್ಟಿಕ್ ಬಿಚ್ಚಿ, ತಂತಿ ಜೋಡಿಸಿ, ಸ್ಟಾರ್ಟ್ ಮಾಡಿ.

ಬಟ್ಟೆ ಹಿಂಡಿದ ಎಣ್ಣೆನೀರು ಮೋರಿ ಸೇರಬಾರದು. ಪುಣೆಯ ನಾಲೆಗಳು ಮುಳಾ-ಮುಠಾ ನದಿಗೆ, ಅದು ಭೀಮೆಗೆ ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳಿಗೆ ಬರುತ್ತದೆ. ಆ ಜಿಲ್ಲೆಗಳಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು ಪುಣೆಯಲ್ಲಿವೆ. ಜಿಡ್ಡನ್ನು ಹಳೆಯ ಪತ್ರಿಕೆಗೆ ಹೀರಿಸಿ, ಅಪಾಯಕಾರಿ ಕಸವೆಂದು ಬೇರೆ ಕಟ್ಟಿ ಕೊಡಿ.