ಎಂಜಿನ್‌ಗಿಂತ ಮೊದಲು ಟಯರ್ ನೋಡಿ

ಕೊರಟಗೆರೆ ತಾಲೂಕಿನ ಹೊಳವನಹಳ್ಳಿ ಕಡೆಯವರಿಗೆ ಎಚ್‌ಎಂಟಿ ಅಂದ್ರೆ ವಾಚು. ತುಮಕೂರಿನಲ್ಲೇ ಅದರ ಕಾರ್ಖಾನೆ ಇತ್ತು. ಬೆಂಗಳೂರಿನಲ್ಲಿ ಹುಟ್ಟಿದ ಅದೇ ಕಂಪನಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಟ್ರ್ಯಾಕ್ಟರ್ ಮಾಡಿತು. 2016ರಲ್ಲಿ ಆ ಘಟಕ ಮುಚ್ಚುವ ತೀರ್ಮಾನವಾಯಿತು. ಆದರೂ ಪಂಜಾಬಿನ ಟ್ರ್ಯಾಕ್ಟರ್ ಎಳೆದಾಟದಲ್ಲಿ ಅದರ 5911 ಮಾಡೆಲ್ ಹೆಸರುವಾಸಿ.

ಹಳೆ ಗಾಡಿಯನ್ನು ಸ್ಪರ್ಧೆಗೆ ಇಳಿಸೋದಾದ್ರೆ ಮೊದಲು ಹಿಂದಿನ ಟಯರ್ ನೋಡಬೇಕು. ಹಲ್ಲು ಸವೆದಿದ್ದರೆ ಚಕ್ರ ನಿಂತಲ್ಲೇ ತಿರುಗುತ್ತೆ. ಬದಿಯಲ್ಲಿ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಟ್ಯೂಬಿಗೆ ಮುಕ್ಕಾಲು ಭಾಗ ನೀರು ತುಂಬಿದರೆ ತೂಕ ಕೆಳಗೇ ಕೂರುತ್ತೆ. ಗಾಳಿ ಸ್ವಲ್ಪ ಕಡಿಮೆಯಿದ್ದರೆ ನೆಲದ ಹಿಡಿತ ಜಾಸ್ತಿ. ತೀರಾ ಕಡಿಮೆಯಾದರೆ ಟಯರ್ ರಿಮ್ಮಿನಲ್ಲೇ ಜಾರಿ ವಾಲ್ವ್ ಕಿತ್ತುಹೋಗುತ್ತೆ.

ಮುಂಭಾಗಕ್ಕೆ ತೂಕದ ಕಬ್ಬಿಣ ಬೇಕು. ಸರಪಳಿಯನ್ನು ಹಿಂದಿನ ಆಕ್ಸಲ್‌ಗಿಂತ ಕೆಳಗೇ ಕಟ್ಟಬೇಕು. ಮೇಲೆ ಕಟ್ಟಿದರೆ ಮೂತಿ ಎದ್ದು, ಗಾಡಿ ಓಡಿಸುವವನ ಮೇಲೇ ಮಗುಚಬಹುದು.

2023ರ ಅಕ್ಟೋಬರಿನಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಸಾಹಸ ತೋರಿಸಲು ಹೋದ ಯುವಕ ಅದರಡಿಗೇ ಸಿಕ್ಕಿ ಸತ್ತ. ಅಲ್ಲಿನ ಸರ್ಕಾರ ಇಂಥ ಅಪಾಯದ ಆಟಗಳನ್ನು ನಿಷೇಧಿಸಿತು. ಮನೆ ಹುಡುಗರು ಸ್ಪರ್ಧೆಗೆ ಹೊರಟರೆ ಬಹುಮಾನ ಎಷ್ಟು ಅಂತ ಕೇಳುವ ಮುಂಚೆ, ಸರಪಳಿ ಎಲ್ಲಿ ಕಟ್ಟಿದ್ದೀರಿ ಅಂತ ಕೇಳಿ.