ಹಳೆಯ ಮರುಭೂಮಿಗೆ ಹೊಸ ಕಟ್ಟಳೆ

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಅವರಲ್ಲೊಬ್ಬರು ಕಥಾನಿರ್ವಾಹಕರಾಗಿ ಸನ್ನಿವೇಶವನ್ನು ವರ್ಣಿಸುತ್ತ, ಉಳಿದವರು ತಂತಮ್ಮ ಪಾತ್ರಗಳ ಪರವಾಗಿ ನಡೆನುಡಿಗಳನ್ನು ನಿರ್ಧರಿಸುತ್ತ, ಕೈಗೊಂಡ ಕಾರ್ಯವು ಸಿದ್ಧಿಸಿತೇ ವಿಫಲವಾಯಿತೇ ಎಂಬುದನ್ನು ದಾಳ ಉರುಳಿಸಿ ತಿಳಿದುಕೊಳ್ಳುವ ವಿನೋದಕ್ಕೆ ರೋಲ್‌ಪ್ಲೇಯಿಂಗ್ ಆಟವೆಂದು ಹೆಸರು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ವರ್ಗದ ಆಟಗಳಿಗೆಲ್ಲ ಆದಿ. ಇಂಥ ಆಟಕ್ಕೆ ಅಂಗಗಳು ಎರಡು: ಯಾವ ಕಾರ್ಯಕ್ಕೆ ಎಷ್ಟು ಅಂಕ ಬೀಳಬೇಕೆಂದು ವಿಧಿಸುವ ನಿಯಮಸಂಹಿತೆ ಒಂದು, ಆ ಕಾರ್ಯಗಳು ನಡೆಯುವ ಕಲ್ಪಿತ ಲೋಕ, ಅಲ್ಲಿನ ನಗರಗಳು, ಅರಸರು, ಜೀವಜಾತಿಗಳು, ಇತಿಹಾಸ, ಇವುಗಳ ಸಮುದಾಯ ಮತ್ತೊಂದು. ಸಂಹಿತೆಯು ಕಾಲಕಾಲಕ್ಕೆ ಪರಿಷ್ಕೃತವಾಗುತ್ತದೆ. ೧೯೮೯ರಲ್ಲಿ ಎರಡನೆಯ ಆವೃತ್ತಿ, ೨೦೦೦ದಲ್ಲಿ ಮೂರನೆಯದು, ೨೦೦೮ರಲ್ಲಿ ನಾಲ್ಕನೆಯದು, ೨೦೧೪ರಲ್ಲಿ ಐದನೆಯದು ಹೊರಬಂದವು. ಆದರೆ ಹಳೆಯ ಲೋಕವನ್ನು ಪ್ರೀತಿಸಿದ ಆಟಗಾರರು ಅದನ್ನು ಬಿಟ್ಟುಕೊಡಲೊಲ್ಲರು. ಹೀಗಾಗಿ ಹಳೆಯ ಲೋಕವನ್ನು ಹೊಸ ನಿಯಮಗಳಿಗೆ ಒಗ್ಗಿಸುವ ಕೆಲಸ ಪ್ರತಿಯೊಂದು ಆವೃತ್ತಿಯ ಬೆನ್ನಿಗೂ ಬಂದೇ ಬರುತ್ತದೆ.

ಈ ಕೆಲಸದ ಕಷ್ಟಸುಖಗಳನ್ನು ಅರಿಯಲು ‘ಡಾರ್ಕ್ ಸನ್’ ಎಂಬ ಲೋಕಕ್ಕಿಂತ ಉತ್ತಮವಾದ ನಿದರ್ಶನ ದೊರೆಯುವುದು ದುರ್ಲಭ. ೧೯೯೧ರಲ್ಲಿ ಟಿಮತಿ ಬ್ರೌನ್ ಮತ್ತು ಟ್ರಾಯ್ ಡೆನಿಂಗ್ ರೂಪಿಸಿದ, ಬ್ರಾಮ್ ಎಂಬ ಚಿತ್ರಕಾರನ ಕುಂಚದಿಂದ ತನ್ನ ವಿಶಿಷ್ಟ ಛಾಯೆಯನ್ನು ಪಡೆದ ಈ ಲೋಕದ ಹೆಸರು ಅಥಾಸ್. ಕಡುಗೆಂಪು ಸೂರ್ಯನ ಕೆಳಗೆ ಬೆಂದ ಮರುಭೂಮಿ ಅದು. ಅಲ್ಲಿ ದೇವತೆಗಳಿಲ್ಲ, ನಗರಗಳನ್ನು ಆಳುವವರು ಶತಮಾನಗಳಿಂದ ಬದುಕಿರುವ ಮಾಂತ್ರಿಕ ಅರಸರು. ಲೋಹವು ಅತಿ ವಿರಳವಾದುದರಿಂದ ನಾಣ್ಯಗಳು ಸುಟ್ಟ ಮಣ್ಣಿನವು, ಆಯುಧಗಳು ಎಲುಬು, ಕಲ್ಲು, ಮರಗಳವು. ಇಷ್ಟೆಲ್ಲ ವಿನಾಶಕ್ಕೆ ಕಾರಣವಾದುದು ಮಂತ್ರವಿದ್ಯೆಯೇ. ಮಾಂತ್ರಿಕನು ತನಗೆ ಬೇಕಾದ ಶಕ್ತಿಯನ್ನು ಸಸ್ಯಗಳ ಪ್ರಾಣದಿಂದ ಸೆಳೆದುಕೊಳ್ಳುತ್ತಾನೆ. ಮಿತವರಿತು ಸೆಳೆಯುವವನು ಸಂರಕ್ಷಕ, ಮಿತಿಮೀರಿ ಸೆಳೆದು ಸುತ್ತಣ ಹಸುರನ್ನು ಬೂದಿಮಾಡುವವನು ವಿಧ್ವಂಸಕ.

ಪರಿವರ್ತನೆಯ ಸುಲಭವಾದ ಭಾಗವು ಬರಿಯ ಗಣಿತ. ಎರಡನೆಯ ಆವೃತ್ತಿಯಲ್ಲಿ ಕವಚದ ಅಂಕ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಮೂರನೆಯದರಿಂದೀಚೆಗೆ ಅಂಕ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು. ಇಪ್ಪತ್ತರಿಂದ ಹಳೆಯ ಅಂಕವನ್ನು ಕಳೆದರೆ ಹೊಸದು ಬಂದೀತು: ಹಳೆಯ ೪ ಹೊಸ ಲೆಕ್ಕದಲ್ಲಿ ೧೬. ಇಷ್ಟನ್ನು ಯಾರಾದರೂ ಒಂದು ಸಂಜೆ ಕುಳಿತು ಮಾಡಿ ಮುಗಿಸಬಹುದು. ತೊಡಕಿರುವುದು ಲೋಕದ ಮರ್ಮವನ್ನೇ ಹೊತ್ತಿರುವ ನಿಯಮಗಳಲ್ಲಿ.

ವಿಧ್ವಂಸಕನ ನಿಯಮವನ್ನೇ ನೋಡೋಣ. ಎರಡನೆಯ ಆವೃತ್ತಿಯಲ್ಲಿ ಪ್ರತಿಯೊಂದು ವೃತ್ತಿಯವನಿಗೂ ಮೇಲಿನ ಹಂತಕ್ಕೇರಲು ಬೇಕಾದ ಅನುಭವಾಂಕಗಳ ಪಟ್ಟಿ ಬೇರೆಬೇರೆಯಾಗಿತ್ತು. ವಿಧ್ವಂಸಕನ ಪಟ್ಟಿ ಸಂರಕ್ಷಕನದಕ್ಕಿಂತ ಹಗುರವಾದುದು. ಒಂದೇ ಪ್ರಮಾಣದ ಸಾಹಸವನ್ನು ಮಾಡಿಯೂ ಅವನು ಬೇಗನೆ ಮೇಲೇರುತ್ತಿದ್ದನು. ಅಧರ್ಮದ ಮಾರ್ಗ ಶೀಘ್ರಫಲದಾಯಕವೆಂಬ ಪ್ರಲೋಭನೆಯನ್ನು ಗ್ರಂಥಕರ್ತರು ಈ ಒಂದು ಪಟ್ಟಿಯಲ್ಲಿ ಅಡಗಿಸಿಟ್ಟಿದ್ದರು. ಮೂರನೆಯ ಆವೃತ್ತಿಯು ಎಲ್ಲ ವೃತ್ತಿಗಳಿಗೂ ಒಂದೇ ಪಟ್ಟಿಯನ್ನು ವಿಧಿಸಿದೊಡನೆ ಆ ಪ್ರಲೋಭನೆಯ ಆಧಾರವೇ ಕುಸಿದುಹೋಯಿತು. ಕೆಡುಕಿನಿಂದ ಲಾಭವಿಲ್ಲವೆಂದಾದ ಮೇಲೆ ಕೆಡುಕನ್ನು ಆರಿಸುವವನಾರು? ಯಾರೂ ಆರಿಸದ ಲೋಕದಲ್ಲಿ ನೆಲ ಬೂದಿಯಾದುದು ಹೇಗೆ?

೨೦೧೦ರಲ್ಲಿ ನಾಲ್ಕನೆಯ ಆವೃತ್ತಿಗಾಗಿ ಈ ಲೋಕವನ್ನು ಪುನಃ ರಚಿಸಿದವರು ಈ ಪ್ರಶ್ನೆಗೆ ಕೊಟ್ಟ ಉತ್ತರ ಚತುರವಾದುದು. ಮಾಂತ್ರಿಕನು ದಿನಕ್ಕೊಮ್ಮೆ ಮಾತ್ರ ಬಳಸಬಹುದಾದ ತನ್ನ ಪ್ರಬಲ ಮಂತ್ರವನ್ನು ಪ್ರಯೋಗಿಸಿದಾಗ ದಾಳ ಕೈಕೊಟ್ಟಿತೆನ್ನೋಣ. ಅವನು ಬಯಸಿದರೆ ಆಗಲೇ ವಿಧ್ವಂಸಮಾರ್ಗವನ್ನು ಹಿಡಿದು ದಾಳವನ್ನು ಮತ್ತೊಮ್ಮೆ ಹಾಕಬಹುದು. ಆದರೆ ಇಪ್ಪತ್ತು ಚೌಕಗಳೊಳಗೆ, ಅಂದರೆ ನೂರು ಅಡಿಗಳೊಳಗೆ, ಇರುವ ಅವನ ಸಂಗಡಿಗರೆಲ್ಲರೂ ತಂತಮ್ಮ ಪೂರ್ಣ ಪ್ರಾಣಬಲದ ಸುಮಾರು ಎಂಟನೆಯ ಒಂದು ಪಾಲನ್ನು ಕಳೆದುಕೊಳ್ಳುತ್ತಾರೆ. ಅವರ ಸಮ್ಮತಿಯನ್ನು ಕೇಳಬೇಕಾದುದಿಲ್ಲ. ಹಿಂದೆ ವಿಧ್ವಂಸಕನೆಂಬುದು ಒಂದು ವೃತ್ತಿ, ಆಟದ ಆರಂಭದಲ್ಲಿ ಒಮ್ಮೆ ಆರಿಸಿಕೊಳ್ಳುವಂಥದು. ಈಗ ಅದು ಸೋಲು ಎದುರಾದ ಕ್ಷಣದಲ್ಲಿ, ಗೆಳೆಯರ ಕಣ್ಣೆದುರಿನಲ್ಲಿಯೇ, ಮತ್ತೆ ಮತ್ತೆ ಎದ್ದು ಬರುವ ಪರೀಕ್ಷೆ. ನಿಯಮದ ಅಕ್ಷರವೊಂದೂ ಉಳಿಯಲಿಲ್ಲ; ಲೋಕದ ನೀತಿ ಮಾತ್ರ ಮೊದಲಿಗಿಂತ ತೀಕ್ಷ್ಣವಾಯಿತು.

ಆಯುಧಗಳ ವಿಷಯದಲ್ಲಿಯೂ ಇದೇ ಜಾಣ್ಮೆ ಕಾಣುತ್ತದೆ. ಎಲುಬಿನ ಕತ್ತಿಗೆ ಅಂಕಗಳನ್ನು ಕಡಿತಮಾಡುವುದು ಹಳೆಯ ಪದ್ಧತಿ. ಹೊಸದರಲ್ಲಿ, ಇಪ್ಪತ್ತು ಮುಖದ ದಾಳದಲ್ಲಿ ಒಂದು ಬಿದ್ದು ಏಟು ತಪ್ಪಿದಾಗ ಆಟಗಾರನಿಗೆ ಆಯ್ಕೆ ಉಂಟು: ಸೋಲನ್ನು ಒಪ್ಪಿ ಸುಮ್ಮನಿರಬಹುದು, ಇಲ್ಲವೆ ದಾಳವನ್ನು ಇನ್ನೊಮ್ಮೆ ಹಾಕಬಹುದು. ಹಾಕಿದರೆ ಎಲುಬಿನ ಆಯುಧವು ಆ ಏಟಿನೊಂದಿಗೆ ಮುರಿದೇ ಹೋಗುತ್ತದೆ; ಲೋಹದ್ದು ಎರಡನೆಯ ಸಲ ಐದು ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಮಾತ್ರ ಮುರಿಯುತ್ತದೆ. ಲೋಹದ ಬೆಲೆ ಏನೆಂಬುದನ್ನು ವರ್ಣನೆಯ ಹಂಗಿಲ್ಲದೆ ಆಟಗಾರನ ಕೈಯೇ ಕಲಿಯುತ್ತದೆ. ದೇವತೆಗಳಿಲ್ಲದ ಲೋಕಕ್ಕೂ ಹೊಸ ಸಂಹಿತೆಯೇ ಚೆನ್ನಾಗಿ ಒಪ್ಪಿತು. ನಾಲ್ಕನೆಯ ಆವೃತ್ತಿಯು ವೃತ್ತಿಗಳನ್ನು ಅವುಗಳ ಶಕ್ತಿಮೂಲದ ಪ್ರಕಾರ ವಿಂಗಡಿಸಿದ್ದುದರಿಂದ, ದೈವಮೂಲವೆಂಬ ಒಂದು ವಿಭಾಗವನ್ನು ಬದಿಗಿರಿಸಿದರೆ ಸಾಕಾಗಿತ್ತು.

ಐದನೆಯ ಆವೃತ್ತಿಗೆ ಪ್ರಕಾಶಕರು ೨೦೧೪ರ ನಿಯಮಗಳನ್ನು ಅನುಸರಿಸಿದ ಅಥಾಸ್ ಸಂಪುಟವನ್ನು ಹೊರತರಲಿಲ್ಲ. ಆಸಕ್ತರು ತಾವೇ ಆ ಕೆಲಸಕ್ಕೆ ಕೈಹಾಕಿದರು. ಅವರೆದುರು ನಿಂತ ತೊಡಕುಗಳು ಮೇಲುನೋಟಕ್ಕೆ ಕ್ಷುಲ್ಲಕವಾಗಿ ತೋರುವಂಥವು. ಈ ಆವೃತ್ತಿಯಲ್ಲಿ ಮೊದಲ ಹಂತದ ಒಂದು ಮಂತ್ರವು ಹತ್ತು ಗ್ಯಾಲನ್ ನೀರನ್ನು ಶೂನ್ಯದಿಂದ ಸೃಷ್ಟಿಸುತ್ತದೆ. ಕಡುಬಿಸಿಲಿನಲ್ಲಿ ಒಬ್ಬನಿಗೆ ದಿನಕ್ಕೆ ಎರಡು ಗ್ಯಾಲನ್ ಬೇಕೆಂದು ಸಂಹಿತೆಯೇ ಹೇಳುವುದರಿಂದ, ಐವರ ದಾಹವು ಒಂದೇ ಉಚ್ಚಾರಣೆಯಲ್ಲಿ ತೀರುತ್ತದೆ. ಎರಡನೆಯ ಆವೃತ್ತಿಯಲ್ಲಿ ದಿನವಿಡೀ ವಿಶ್ರಮಿಸಿದವನಿಗೆ ಬೆರಳೆಣಿಕೆಯಷ್ಟು ಪ್ರಾಣಾಂಕಗಳು ಮರಳಿದರೆ, ಇಲ್ಲಿ ಎಂಟು ಗಂಟೆಗಳ ವಿಶ್ರಾಂತಿಯಿಂದ ಗಾಯಗಳೆಲ್ಲವೂ ಮಾಯುತ್ತವೆ. ಬಾಯಾರಿಕೆಯೂ ಗಾಯವೂ ಭಯಹುಟ್ಟಿಸದ ಮರುಭೂಮಿ ಹೆಸರಿಗಷ್ಟೇ ಮರುಭೂಮಿ. ಆದುದರಿಂದ ವಿವೇಕಿಗಳಾದ ಪರಿವರ್ತಕರು ಅಂಕಿಗಳ ಗೊಡವೆಗೆ ಹೋಗುವ ಮೊದಲು ನೀರಿನ ಮಂತ್ರವನ್ನು ಕಿತ್ತುಹಾಕುತ್ತಾರೆ ಅಥವಾ ಅದರ ಪ್ರಮಾಣವನ್ನು ತಗ್ಗಿಸುತ್ತಾರೆ. ವಿಶ್ರಾಂತಿಯ ಅವಧಿಯನ್ನು ದೀರ್ಘಗೊಳಿಸುತ್ತಾರೆ.

ನಿಯಮದಂತೆ ಕಾಲವೂ ಬದಲಾಗುತ್ತದೆಂಬುದನ್ನು ಮರೆಯಲಾಗದು. ಮೊದಲ ಸಂಪುಟದ ಜೊತೆಜೊತೆಗೇ ಹೊರಟ ಡೆನಿಂಗ್ ಅವರ ಕಾದಂಬರೀಸರಣಿಯಲ್ಲಿ ಅರಸರು ಹತರಾಗಿ ಲೋಕವೇ ತಲೆಕೆಳಗಾಗಿತ್ತು. ೨೦೧೦ರವರು ಅದರಲ್ಲಿ ಬಹುಭಾಗವನ್ನು ಬದಿಗೊತ್ತಿ, ಟೈರ್ ನಗರದ ದೊರೆ ಕಲಾಕ್ ಮಡಿದು ದಾಸರು ಬಿಡುಗಡೆ ಹೊಂದಿದ ಆರಂಭದ ಘಟ್ಟಕ್ಕೇ ಕಥೆಯನ್ನು ಹಿಂದಿರುಗಿಸಿದರು. ಅಥಾಸಿನ ಎಲ್ಲೆಡೆಯೂ ಹಬ್ಬಿರುವ ದಾಸ್ಯವನ್ನು ಇಂದಿನ ಆಟದ ಮೇಜಿನ ಮೇಲೆ ಯಾವ ಎಚ್ಚರಿಕೆಯಿಂದ ನಿರ್ವಹಿಸಬೇಕೆಂಬುದು ಹೊಸ ಪೀಳಿಗೆಯ ಮುಂದಿರುವ ಪ್ರಶ್ನೆ. ದಾಸ್ಯವನ್ನು ಅಳಿಸಿಹಾಕಿದರೆ ಅರಸರ ಕ್ರೌರ್ಯಕ್ಕೆ ಅರ್ಥವಿರದು. ಅದನ್ನು ಲೀಲೆಯಾಗಿ ತೋರಿಸಿದರೆ ಆಟಕ್ಕೆ ಮಾನವಿರದು.

ಪಂಪನು ಚಂಪುವಿನಲ್ಲಿ ಹೇಳಿದ ಭಾರತವನ್ನು ಕುಮಾರವ್ಯಾಸನು ಭಾಮಿನೀ ಷಟ್ಪದಿಗೆ ತಂದಾಗ, ಪಂಪನ ಪದ್ಯಗಳನ್ನು ಮಾತ್ರೆ ಎಣಿಸಿ ತುಂಡರಿಸಲಿಲ್ಲ. ಕಥೆಯ ಕೇಂದ್ರವನ್ನೇ ಅರ್ಜುನನಿಂದ ಕೃಷ್ಣನೆಡೆಗೆ ಸರಿಸಿ ಹೊಸದಾಗಿ ಹಾಡಿದನು. ಆಟದ ಲೋಕವನ್ನು ಹೊಸ ನಿಯಮಕ್ಕೆ ತರುವವರಿಗೂ ಅಂಥದೇ ಧೈರ್ಯ ಬೇಕು. ಪ್ರತಿಯೊಂದು ಹಳೆಯ ನಿಯಮದ ಮುಂದೆ ನಿಂತು, ಇದು ಆಟಗಾರನಲ್ಲಿ ಯಾವ ಆಸೆಯನ್ನು, ಯಾವ ಅಂಜಿಕೆಯನ್ನು ಹುಟ್ಟಿಸುತ್ತಿತ್ತು ಎಂದು ಮೊದಲು ವಿಚಾರಿಸಿಕೊಳ್ಳಿ. ಆ ಆಸೆ ಅಂಜಿಕೆಗಳನ್ನು ಉಳಿಸಿಕೊಂಡರೆ ಅಂಕಿಗಳೆಲ್ಲವೂ ಬದಲಾದರೂ ಲೋಕ ಉಳಿಯುತ್ತದೆ, ಅವುಗಳನ್ನು ಕಳೆದುಕೊಂಡರೆ ಎಷ್ಟು ನಿಖರವಾದ ಲೆಕ್ಕವೂ ಅದನ್ನು ಉಳಿಸಲಾರದು.